ತ್ಲಾತೆಲೋಲ್ಕೊದ ಮೇಷ್ಟರು

ಟೊಮ್ಯಾಟೊ ಹಾಕದ ಸಾರು ಇಂದು ಎಷ್ಟು ಮನೆಗಳಲ್ಲಿ ಕುದಿಯುತ್ತದೆ? ಸಪೋಟದ ಗಾಡಿ ನಿಲ್ಲದ ಪೇಟೆಬೀದಿಯಾದರೂ ಎಲ್ಲಿದೆ? ಕನ್ನಡನಾಡಿನ ಮಕ್ಕಳು ಅ ಆ ಇ ಈ ತಿದ್ದುವ ಮೊದಲೇ ಬಾಯಲ್ಲಿ ಆಡುವ ಈ ಎರಡು ಹೆಸರುಗಳ ತವರು ಭೂಮಿಯ ಇನ್ನೊಂದು ಮಗ್ಗುಲಿನ ಮೆಕ್ಸಿಕೋ. ಅಲ್ಲಿಯ ನಾವಾತ್ಲ್ ಭಾಷೆಯಲ್ಲಿ ಅವು ತೊಮಾತ್ಲ್ ಮತ್ತು ತ್ಸಾಪೋತ್ಲ್. ಸ್ಪೇನಿನವರು ಅವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಾಗ ಕೊನೆಯ 'ತ್ಲ್' ಉದುರಿಹೋಯಿತು. ಉಳಿದದ್ದು ಹಡಗು ಹತ್ತಿ, ಬಂದರಿನಿಂದ ಬಂದರಿಗೆ ಸುತ್ತಿ, ಕಡೆಗೆ ಕನ್ನಡದ ಅಡುಗೆಮನೆಯನ್ನೂ ಹೊಕ್ಕಿತು.

ಅದೇ ಭಾಷೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಬರೆದ ಒಂದು ಭಾರಿ ಕೈಬರಹದ ಪುಸ್ತಕವಿದೆ. ಅದರ ಒಂದು ಪುಟದಲ್ಲಿ ಟೊಮ್ಯಾಟೊ ವ್ಯಾಪಾರಿ ಕುಳಿತಿದ್ದಾನೆ. ದೊಡ್ಡದು, ಚಿಕ್ಕದು, ಕೆಂಪು, ಹಳದಿ, ಸಿಹಿ ಎಂದು ಅವನ ಬುಟ್ಟಿಯಲ್ಲಿ ಎಷ್ಟು ಬಗೆಯ ಹಣ್ಣುಗಳಿವೆಯೋ ಅಷ್ಟನ್ನೂ ಪುಸ್ತಕ ಹೆಸರು ಹಿಡಿದು ಎಣಿಸುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ಕೆಟ್ಟ ವ್ಯಾಪಾರಿ ಯಾರು ಎಂಬುದನ್ನೂ ಹೇಳುತ್ತದೆ. ಜಜ್ಜಿಹೋದದ್ದನ್ನು, ಕೊಳೆತದ್ದನ್ನು, ತಿಂದವರ ಹೊಟ್ಟೆ ಕೆಡಿಸುವುದನ್ನು ಮಾರುವವನು ಅವನು! ನಾಲ್ಕೂವರೆ ಶತಮಾನ ಕಳೆದರೂ ಸಂತೆಗೆ ಹೋಗುವ ಯಾವ ತಾಯಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪುಸ್ತಕವನ್ನು ಬರೆಸಿದವರು ಪಂಡಿತರಲ್ಲ, ವ್ಯಾಪಾರದ ಸುಂಕ ಲೆಕ್ಕ ಹಾಕುವ ಅಧಿಕಾರಿಯೂ ಅಲ್ಲ. ಆ ಜನರ ದೇವರುಗಳನ್ನು ಬಿಡಿಸಿ ಕ್ರೈಸ್ತರನ್ನಾಗಿ ಮಾಡಲೆಂದೇ ಕಡಲು ದಾಟಿ ಬಂದ ಒಬ್ಬ ಕ್ಯಾಥೊಲಿಕ್ ಸಂನ್ಯಾಸಿ. ಹೆಸರು ಬರ್ನಾರ್ದಿನೊ ದೆ ಸಹಗುನ್. ಬದುಕಿನ ಬಹುಭಾಗ ಮೇಷ್ಟರಾಗಿದ್ದವರು. ತನ್ನ ಶಿಷ್ಯರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ ಎಂದು ತಾವೇ ಬರೆದಿಟ್ಟವರು.

ಸಹಗುನ್ ಎಂಬುದು ಸ್ಪೇನಿನ ಲಿಯೊನ್ ಪ್ರಾಂತದ ಒಂದು ಊರು. ಸುಮಾರು 1499ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಸಲಮಾಂಕಾದ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿ, ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪಂಥವನ್ನು ಸೇರಿದ. ಸೇರಿದ ಮೇಲೆ ಮನೆತನದ ಹೆಸರು ಹೋಗಿ ಊರ ಹೆಸರೇ ಉಳಿಯಿತು. 1529ರಲ್ಲಿ, ಮೂವತ್ತರ ಹರೆಯದಲ್ಲಿ, ಸುಮಾರು ಇಪ್ಪತ್ತು ಮಂದಿ ಸಂನ್ಯಾಸಿಗಳೊಂದಿಗೆ ಮೆಕ್ಸಿಕೋಗೆ ಹೊರಟರು. ಅದೇ ಹಡಗಿನಲ್ಲಿ ಮೆಕ್ಸಿಕೋದ ಕೆಲವು ಕುಲೀನ ಮನೆತನದವರೂ ಇದ್ದರು. ಮೆಕ್ಸಿಕೋವನ್ನು ಗೆದ್ದ ಎರ್ನಾನ್ ಕಾರ್ಟೆಸ್ ಅವರನ್ನು ಸ್ಪೇನಿನ ದೊರೆಗೆ ತೋರಿಸಲು ಕರೆದೊಯ್ದಿದ್ದ. ಈಗ ಅವರು ಊರಿಗೆ ಮರಳುತ್ತಿದ್ದರು. ಸಹಗುನ್ ನಾವಾತ್ಲ್ ಭಾಷೆಯ ಮೊದಲ ಪಾಠವನ್ನು ಅವರ ಬಾಯಿಂದಲೇ ಕೇಳಿ ಕಲಿತರು ಎನ್ನುತ್ತಾರೆ. ಬೋಧಿಸಲು ಹೊರಟವರು ದಾರಿಯಲ್ಲೇ ವಿದ್ಯಾರ್ಥಿಯಾದರೆಂದರೆ ಅವರ ಮುಂದಿನ ಬಾಳಿಗೆ ಒಪ್ಪುವ ಆರಂಭವೇ ಅದು.

ಅವರು ಹೋಗಿ ಇಳಿಯುವಾಗ ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್ ಬಿದ್ದು ಎಂಟು ವರ್ಷವಾಗಿತ್ತು. ಸರೋವರದ ನಡುವೆ ತಲೆಯೆತ್ತಿ ನಿಂತಿದ್ದ ಆ ನಗರ 1521ರ ಆಗಸ್ಟ್ 13ರಂದು ಮುತ್ತಿಗೆಗೂ ಸಿಡುಬಿಗೂ ಹಸಿವಿಗೂ ಒಟ್ಟಿಗೇ ಸೋತಿತ್ತು. ದೇಗುಲದ ಕಲ್ಲುಗಳನ್ನು ಕಿತ್ತು ಇಗರ್ಜಿಗಳನ್ನು ಕಟ್ಟುತ್ತಿದ್ದರು. ಆ ಜನರಿಗೆ ಚಿತ್ರಗಳಲ್ಲಿ ಬರೆದ ಪುಸ್ತಕಗಳಿದ್ದವು. ಕಾಲಗಣನೆ, ವಂಶಾವಳಿ, ಪೂಜಾಕ್ರಮ ಎಲ್ಲವೂ ಬಣ್ಣದ ಗುರುತುಗಳಲ್ಲಿ ಇರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಬೆಂಕಿಗೆ ಹೋದವು. ಉಳಿದ ಕೆಲವನ್ನು ಜನ ಬಚ್ಚಿಟ್ಟುಕೊಂಡರು.

ಸಹಗುನ್ ಇದಕ್ಕೆಲ್ಲ ಕಣ್ಣೀರಿಟ್ಟರು ಎಂದುಕೊಂಡರೆ ತಪ್ಪಾದೀತು. ವಿಗ್ರಹಗಳು ಹೋಗಬೇಕು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸೊಚಿಮಿಲ್ಕೊ ಎಂಬಲ್ಲಿ ಒಂದು ತಿಳಿನೀರಿನ ಬುಗ್ಗೆ. ಅದರ ತಳದಲ್ಲಿ ಜನ ಕಾಣಿಕೆ ಸಲ್ಲಿಸುತ್ತಿದ್ದ ಕಲ್ಲಿನ ವಿಗ್ರಹವೊಂದು ಇತ್ತು. ಸಹಗುನ್ ತಾವೇ ನೀರಿಗಿಳಿದು ಅದನ್ನು ಮೇಲೆತ್ತಿ, ಅದರ ಜಾಗದಲ್ಲಿ ಕಲ್ಲಿನ ಶಿಲುಬೆ ಇಟ್ಟು ಬಂದರು. ಇದನ್ನು ಬೇರೆ ಯಾರೋ ದೂರು ಹೇಳಿದ್ದಲ್ಲ, ಅವರೇ ಬರೆದುಕೊಂಡದ್ದು.

ಅದಕ್ಕಿಂತಲೂ ಮನಸ್ಸಿಗೆ ಕಸಿವಿಸಿಯಾಗುವ ಇನ್ನೊಂದು ಸಂಗತಿಯನ್ನೂ ಅವರು ಮರೆಮಾಚಿಲ್ಲ. ಆರಂಭದ ವರ್ಷಗಳಲ್ಲಿ ಪಾದ್ರಿಗಳು ಊರ ಮುಖ್ಯಸ್ಥರ ಮಕ್ಕಳನ್ನು ಮಠಗಳಲ್ಲಿ ಇರಿಸಿಕೊಂಡು ಸಾಕಿ ಕಲಿಸುತ್ತಿದ್ದರು. ರಾತ್ರಿ ಎಲ್ಲಿಯಾದರೂ ಹಳೆಯ ಹಬ್ಬ, ಕುಣಿತ, ಪೂಜೆ ಗುಟ್ಟಾಗಿ ನಡೆಯುತ್ತಿದೆ ಎಂದು ಗೊತ್ತಾದರೆ ಒಬ್ಬಿಬ್ಬರು ಪಾದ್ರಿಗಳು, ಜತೆಗೆ ಅರವತ್ತು ಎಪ್ಪತ್ತು, ಕೆಲವೊಮ್ಮೆ ನೂರು ಹುಡುಗರು ಹೋಗಿ ಮೇಲೆ ಬಿದ್ದು, ಹಿರಿಯರ ಕೈಕಟ್ಟಿ ಮಠಕ್ಕೆ ತರುತ್ತಿದ್ದರು. ತಂದೆಯ ವಯಸ್ಸಿನವರು, ಎಷ್ಟೋ ವೇಳೆ ನೆಂಟರು. ಊರಿನವರು ಮಕ್ಕಳನ್ನು ಕಂಡರೇ ಹೆದರುವ ಹಾಗಾಯಿತಂತೆ. ಶಾಲೆಗೆ ಕಳಿಸಿದ ಮಗ ನಡುರಾತ್ರಿ ಬಾಗಿಲು ತಟ್ಟುವುದು ಹೀಗೆ ಎಂಬುದನ್ನು ಯಾವ ತಂದೆತಾಯಿಯೂ ಕಲ್ಪಿಸಿಕೊಳ್ಳಲಾರರು. ಈ ನೆರಳನ್ನು ಬದಿಗಿಟ್ಟು ಸಹಗುನ್ ಅವರ ಕಥೆಯನ್ನು ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ.

ಇನ್ನರ್ಧ ಶುರುವಾಗುವುದು 1536ರ ಜನವರಿ 6ರಂದು. ರಾಜಧಾನಿಗೆ ಅಂಟಿಕೊಂಡೇ ಇದ್ದ ಜೊತೆನಗರ ತ್ಲಾತೆಲೋಲ್ಕೊ. ಅಲ್ಲಿಯ ದೊಡ್ಡ ಸಂತೆ ಸ್ಪೇನಿನ ಸೈನಿಕರನ್ನೂ ಬೆರಗುಗೊಳಿಸಿದ್ದು. ಅಲ್ಲಿ ಆ ದಿನ ಸಾಂತಾ ಕ್ರೂಸ್ ಎಂಬ ವಿದ್ಯಾಲಯ ತೆರೆಯಿತು. ಮೂಲನಿವಾಸಿ ಹುಡುಗರಿಗೆಂದೇ ಮೀಸಲಾದ ಶಾಲೆ. ಬೇರೆ ಬೇರೆ ಊರುಗಳ ಮುಖಂಡರ ಮನೆಗಳಿಂದ ಆರಿಸಿ ತಂದ ಹುಡುಗರಿಗೆ ಓದು, ಬರಹ, ಸಂಗೀತ, ತರ್ಕ ಮತ್ತು ಮುಖ್ಯವಾಗಿ ಲ್ಯಾಟಿನ್. ಲ್ಯಾಟಿನ್ ಎಂದರೆ ಆಗಿನ ಯೂರೋಪಿನಲ್ಲಿ ಶಾಸ್ತ್ರಗಳ ಭಾಷೆ, ಪಂಡಿತರ ಭಾಷೆ. ಅದನ್ನು ಕಲಿಸಲು ನಿಂತ ಮೇಷ್ಟರುಗಳಲ್ಲಿ ಸಹಗುನ್ ಒಬ್ಬರು. ಮೊದಲು ಪಾಠ ತಲೆಗೆ ಹತ್ತಲಿಲ್ಲ. ಎರಡು ಮೂರು ವರ್ಷವಾಗುವಷ್ಟರಲ್ಲಿ ಹುಡುಗರು ಲ್ಯಾಟಿನ್ ವ್ಯಾಕರಣವನ್ನು ಅರೆದು ಕುಡಿದರು. ಅದರಲ್ಲೇ ಮಾತಾಡಿದರು, ಪದ್ಯ ಕಟ್ಟಿದರು.

ಆಗಿನ ಇನ್ನೊಬ್ಬ ಸಂನ್ಯಾಸಿ ಮೊತೊಲಿನೀಯ ಒಂದು ಪ್ರಸಂಗ ಬರೆದಿದ್ದಾರೆ. ಲ್ಯಾಟಿನ್ ಅಷ್ಟಾಗಿ ಬಾರದ ಒಬ್ಬ ಸ್ಪ್ಯಾನಿಷ್ ಪಾದ್ರಿಗೆ ಈ ಹುಡುಗರ ವಿದ್ಯೆಯ ಬಗ್ಗೆ ನಂಬಿಕೆಯಿಲ್ಲ. ಒಬ್ಬ ಹುಡುಗನನ್ನು ನಿಲ್ಲಿಸಿ ಕ್ರೈಸ್ತರ ವಿಶ್ವಾಸ ಪ್ರಮಾಣವನ್ನು ಹೇಳೆಂದ. ಹುಡುಗ ತಪ್ಪಿಲ್ಲದೆ ಹೇಳುತ್ತ ಬಂದು 'ನಾತುಸ್' ಎಂಬ ಪದಕ್ಕೆ ಬಂದ. ಪಾದ್ರಿ ತಡೆದು, ಅದು 'ನಾತೊ' ಆಗಬೇಕು ಎಂದ. ಹುಡುಗ ಮತ್ತೆ 'ನಾತುಸ್' ಎಂದ. ಪಾದ್ರಿ ಬಿಡಲೊಲ್ಲ. ಆಗ ಹುಡುಗ ಲ್ಯಾಟಿನ್ನಿನಲ್ಲೇ ಬಹಳ ವಿನಯದಿಂದ ಕೇಳಿದ: ಪೂಜ್ಯರೆ, ನಾತೊ ಎಂಬುದು ಯಾವ ವಿಭಕ್ತಿ? ಪಾದ್ರಿಗೆ ಉತ್ತರ ಹೊಳೆಯಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ವಿಭಕ್ತಿಗಳ ಜೊತೆ ಹೆಣಗಿದವರಿಗೆ ಆ ಹುಡುಗನ ಖುಷಿಯೂ ಪಾದ್ರಿಯ ಫಜೀತಿಯೂ ಚೆನ್ನಾಗಿ ಅರ್ಥವಾದೀತು.

ಆದರೆ ಇಂಥ ಪ್ರಶ್ನೆಗಳೇ ಶಾಲೆಗೆ ಮುಳುವಾದವು. ಗೆದ್ದವರ ಭಾಷೆಯಲ್ಲಿ ಗೆದ್ದವರನ್ನೇ ತಿದ್ದುವ ಹುಡುಗರನ್ನು ಯಾರು ಸಹಿಸುತ್ತಾರೆ? ಇವರಿಗೆ ಲ್ಯಾಟಿನ್ ಏತಕ್ಕೆ, ಧರ್ಮಗ್ರಂಥವನ್ನು ತಾವೇ ಓದಿ ತಪ್ಪುದಾರಿ ಹಿಡಿಯುತ್ತಾರೆ ಎಂದು ಆಕ್ಷೇಪಗಳೆದ್ದವು. ಮೂಲನಿವಾಸಿಗಳನ್ನು ಪಾದ್ರಿಗಳನ್ನಾಗಿ ಮಾಡುವ ಆಸೆಯೊಂದು ಮೊದಲಿಗೆ ಇತ್ತು. ಅದನ್ನು ಬೇಗನೆ ಕೈಬಿಟ್ಟರು. ಹುಡುಗರು ಪಂಡಿತರಾಗಬಹುದು, ಪೀಠವೇರುವಂತಿಲ್ಲ.

ಅಷ್ಟರಲ್ಲಿ 1545 ಬಂತು. ನಾವಾತ್ಲ್ ಭಾಷೆಯಲ್ಲಿ ಕೊಕೊಲಿಸ್ತ್ಲಿ ಎಂದು ಕರೆಯುವ ಮಹಾಮಾರಿ ಇಡೀ ನಾಡನ್ನು ಬಡಿಯಿತು. ಅದು ಯಾವ ರೋಗವೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಮನೆಮನೆಗಳೇ ಬರಿದಾದವು. ತ್ಲಾತೆಲೋಲ್ಕೊದಲ್ಲಿ ತಾವೊಬ್ಬರೇ ಹತ್ತು ಸಾವಿರಕ್ಕೂ ಹೆಚ್ಚು ಶವಗಳನ್ನು ಮಣ್ಣು ಮಾಡಿದ್ದಾಗಿ ಸಹಗುನ್ ಬರೆದಿದ್ದಾರೆ. ಕಡೆಯಲ್ಲಿ ಅವರಿಗೂ ಅದೇ ಜಾಡ್ಯ ತಗುಲಿ, ಸಾವಿನ ಬಾಗಿಲವರೆಗೆ ಹೋಗಿ ಬಂದರು.

ಎದ್ದು ಕುಳಿತ ಮೇಲೆ, 1547ರಲ್ಲಿ, ಅವರು ಹೊಸದೊಂದು ಕೆಲಸಕ್ಕೆ ಕೈಹಾಕಿದರು. ಊರ ಹಿರಿಯರು ಹುಟ್ಟು, ಮದುವೆ, ಪಟ್ಟಾಭಿಷೇಕ, ಸಾವು ಇಂಥ ಸಂದರ್ಭಗಳಲ್ಲಿ ಆಡುತ್ತಿದ್ದ ಮಾತುಗಳನ್ನು ಕೇಳಿ ಬರೆಸುವುದು. ನಾವಾತ್ಲ್‌ನಲ್ಲಿ ಅವಕ್ಕೆ ವೆವೆತ್ಲಾತೊಲ್ಲಿ, ಅಂದರೆ ಹಿರಿಯರ ನುಡಿ, ಎಂದು ಹೆಸರು. ಹತ್ತು ಸಾವಿರ ಜನರನ್ನು ಹೂತ ಕೈ ಈ ಕೆಲಸಕ್ಕೇ ಯಾಕೆ ಇಳಿಯಿತು? ಅವರು ಕಾರಣ ಬರೆದಿಲ್ಲ. ಹಿರಿಯರ ತಲೆಮಾರು ಕಣ್ಣೆದುರಿಗೇ ಮಣ್ಣಾಗುತ್ತಿದ್ದುದನ್ನು ಕಂಡವರಿಗೆ ಬೇರೆ ಕಾರಣ ಬೇಕಿರಲಿಲ್ಲವೇನೋ.

ಆ ಮಾತುಗಳಲ್ಲಿ ಒಂದು, ಬುದ್ಧಿ ತಿಳಿಯುವ ವಯಸ್ಸಿಗೆ ಬಂದ ಮಗಳಿಗೆ ತಂದೆ ಹೇಳುವ ಬುದ್ಧಿವಾದ. ತಂದೆ ಅವಳನ್ನು ಹಸುರು ಮಣಿಗೆ, ಬೆಲೆಬಾಳುವ ಹಕ್ಕಿಯ ಗರಿಗೆ ಹೋಲಿಸಿ ಕರೆಯುತ್ತಾನೆ. ಈ ಲೋಕದಲ್ಲಿ ಸುಖ ಕಡಿಮೆ, ದಣಿವೇ ಹೆಚ್ಚು ಎಂದು ಮರೆಮಾಚದೆ ಹೇಳುತ್ತಾನೆ. ಆದರೂ ನಗು, ನಿದ್ದೆ, ಅನ್ನ, ಮಕ್ಕಳು ಎಂಬ ಸಮಾಧಾನಗಳಿವೆ ಎನ್ನುತ್ತಾನೆ. ರಾತ್ರಿ ಎದ್ದು ಅಂಗಳ ಗುಡಿಸು, ನೂಲು ತೆಗೆ, ನೇಯುವುದನ್ನು ಕಲಿ, ಮನೆತನದ ಹೆಸರಿಗೆ ಮಸಿ ಬಳಿಯಬೇಡ ಎನ್ನುತ್ತಾನೆ. ಅವನು ಮುಗಿಸಿದ ಮೇಲೆ ತಾಯಿ ಬೇರೆಯಾಗಿ ಮಾತಾಡುತ್ತಾಳೆ. ಉಡುಗೆ ಹೇಗಿರಬೇಕು, ದನಿ ಎಷ್ಟಿರಬೇಕು, ಬೀದಿಯಲ್ಲಿ ನಡಿಗೆ ಹೇಗಿರಬೇಕು ಎಂಬುದು ಅವಳ ಪಾಲು. ಇಂದಿನ ಹೆಣ್ಣುಮಕ್ಕಳು ಇದರಲ್ಲಿ ಅರ್ಧಕ್ಕೆ ಹುಬ್ಬು ಗಂಟಿಕ್ಕಿದರೆ ತಪ್ಪಿಲ್ಲ. ಆದರೆ ಆ ದನಿಯಲ್ಲಿರುವ ಕಕ್ಕುಲಾತಿಯನ್ನು ಅವರೂ ಗುರುತಿಸದೆ ಇರಲಾರರು.

ಇವೆಲ್ಲ ಪಾದ್ರಿಯ ಕಟ್ಟುಕಥೆ, ಅನಾಗರಿಕರು ಹೀಗೆ ಮಾತಾಡುವುದುಂಟೆ ಎಂದು ಕೆಲವರು ಮೂಗು ಮುರಿದರು. ಸಹಗುನ್ ಅವರಿಗೆ ಸಿಟ್ಟು ಬಂತು. ಇದನ್ನು ಕಟ್ಟಿ ಹೇಳುವ ಬುದ್ಧಿ ಯಾವ ಮನುಷ್ಯನಿಗೂ ಇಲ್ಲ, ತಿಳಿದ ಯಾವ ಮೂಲನಿವಾಸಿಯನ್ನು ಕೇಳಿದರೂ ಇದು ತನ್ನ ಹಿರಿಯರ ಮಾತೇ ಎನ್ನುತ್ತಾನೆ ಎಂದು ಉತ್ತರ ಬರೆದರು. ವಿಗ್ರಹ ಕಿತ್ತವರು ವಿಗ್ರಹ ಪೂಜಿಸಿದವರ ಮಾತಿಗೆ ಸಾಕ್ಷಿ ನಿಂತಂತಾಯಿತು.

1558ರಲ್ಲಿ ಪಂಥದ ಹಿರಿಯರಾದ ಫ್ರಾನ್ಸಿಸ್ಕೊ ದೆ ತೊರಾಲ್ ಈ ಕೆಲಸಕ್ಕೆ ಅಪ್ಪಣೆಯ ಮುದ್ರೆ ಒತ್ತಿದರು. ಧರ್ಮಪ್ರಚಾರಕ್ಕೆ ಉಪಯೋಗವಾಗುವುದನ್ನೆಲ್ಲ ನಾವಾತ್ಲ್ ಭಾಷೆಯಲ್ಲೇ ಬರೆಯಬೇಕು ಎಂಬುದು ಆಜ್ಞೆ. ಸಹಗುನ್ ಅವರ ವಾದವೂ ಅದಕ್ಕೆ ಹೊಂದುವಂತಿತ್ತು. ರೋಗ ಗೊತ್ತಿಲ್ಲದೆ ವೈದ್ಯ ಮದ್ದು ಕೊಡಲಾರ, ಹಳೆಯ ನಂಬಿಕೆ ಗೊತ್ತಿಲ್ಲದೆ ಪಾದ್ರಿ ಬೋಧಿಸಲಾರ ಎನ್ನುತ್ತಿದ್ದರು. ರೋಗ ಎಂದು ಕರೆದದ್ದರಲ್ಲಿ ಟೊಮ್ಯಾಟೊ ಬುಟ್ಟಿಗೂ ಮಗಳ ಮೇಲಿನ ಅಕ್ಕರೆಗೂ ಏಕೆ ಜಾಗ ಸಿಕ್ಕಿತು ಎಂದು ಕೇಳಿದ್ದರೆ, ಭಾಷೆಯ ಎಲ್ಲ ಪದಗಳೂ ಒಂದೇ ಬಲೆಗೆ ಬೀಳಬೇಕು ಎಂದಿದ್ದು ಅದಕ್ಕೇ ಎನ್ನುತ್ತಿದ್ದರು. ಆ ಬಲೆಯ ಮಾತು ಅವರ ಮುನ್ನುಡಿಯಲ್ಲೇ ಇದೆ.

ತೆಪೆಪುಲ್ಕೊ ಎಂಬ ಊರಿಗೆ ಹೋಗಿ, ಅಲ್ಲಿಯ ಮುಖ್ಯಸ್ಥನಿಗೆ ವಿಷಯ ತಿಳಿಸಿ, ಬಲ್ಲ ಹಿರಿಯರನ್ನು ಕೊಡಿ ಎಂದು ಕೇಳಿದರು. ಊರವರು ಅವತ್ತೇ ಹೂಂ ಅನ್ನಲಿಲ್ಲ. ತಮ್ಮತಮ್ಮಲ್ಲಿ ಯೋಚಿಸಿ, ಮಾರನೆಯ ದಿನ ಹತ್ತು ಹನ್ನೆರಡು ಮಂದಿ ಮುದುಕರನ್ನು ಆರಿಸಿ ಕಳಿಸಿದರು. ಸಹಗುನ್ ಜೊತೆ ತ್ಲಾತೆಲೋಲ್ಕೊದಲ್ಲಿ ಅವರ ಕೈಯಲ್ಲೇ ಲ್ಯಾಟಿನ್ ಕಲಿತ ನಾಲ್ವರಿದ್ದರು. ಸುಮಾರು ಎರಡು ವರ್ಷ ಮಾತುಕತೆ ನಡೆಯಿತು. ಪ್ರಶ್ನೆಗಳ ಪಟ್ಟಿಯನ್ನು ಸಹಗುನ್ ಮೊದಲೇ ತಯಾರಿಸಿಕೊಂಡಿದ್ದರು. ಮುದುಕರು ಮೊದಲು ಉತ್ತರವನ್ನು ಚಿತ್ರವಾಗಿ ಕೊಟ್ಟರು, ಅದು ಅವರ ಹಳೆಯ ಬರಹ. ಆಮೇಲೆ ಚಿತ್ರವನ್ನು ಓದಿ ಹೇಳಿದರು. ಶಿಷ್ಯರು ಚಿತ್ರದ ಕೆಳಗೆ ಆ ಮಾತನ್ನು ರೋಮನ್ ಅಕ್ಷರದಲ್ಲಿ ನಾವಾತ್ಲ್ ಭಾಷೆಯಲ್ಲೇ ಬರೆದುಕೊಂಡರು.

1561ರ ಹೊತ್ತಿಗೆ ಸಹಗುನ್ ತ್ಲಾತೆಲೋಲ್ಕೊಗೆ ಮರಳಿದರು. ಅಲ್ಲಿ ಬೇರೆ ಎಂಟು ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ತೆಪೆಪುಲ್ಕೊದಲ್ಲಿ ಬರೆದದ್ದನ್ನೆಲ್ಲ ಓದಿಸಿ ತಿದ್ದಿಸಿದರು, ಸೇರಿಸಿದರು. ಮುಂದೆ ಮೆಕ್ಸಿಕೋ ನಗರದ ಮಠದಲ್ಲಿ ಮೂರು ವರ್ಷ ಕುಳಿತು ಎಲ್ಲವನ್ನೂ ಹನ್ನೆರಡು ಪುಸ್ತಕಗಳಾಗಿ ವಿಂಗಡಿಸಿದರು. ಒಂದು ಊರಿನ ಮಾತನ್ನು ಇನ್ನೊಂದು ಊರಿನಲ್ಲಿ, ಅದನ್ನು ಮೂರನೆಯ ಕಡೆ ಜರಡಿ ಹಿಡಿದಂತೆ. ಇದೇ ಕಾರಣಕ್ಕೆ ಈಗಿನ ಕೆಲವು ವಿದ್ವಾಂಸರು ಅವರನ್ನು ಮೊದಲ ಮಾನವಶಾಸ್ತ್ರಜ್ಞ ಎನ್ನುತ್ತಾರೆ. ಬಿರುದು ದೊಡ್ಡದಾಯಿತು. ಅವರು ಕೇಳಿದ್ದು ಹೆಚ್ಚಾಗಿ ಮುಖ್ಯಸ್ಥರು ಆರಿಸಿಕೊಟ್ಟ ಗಂಡಸರನ್ನು. ಹೊಲದಾಳಿನ ಮಾತು, ಗುಡಿಸಲಿನ ಹೆಣ್ಣಿನ ಮಾತು ಸೋಸಿಯೇ ಬಂದದ್ದು. ಪಾದ್ರಿಯ ಮುಂದೆ ಯಾವುದನ್ನು ಹೇಳಬಾರದು ಎಂಬ ಎಚ್ಚರವೂ ಆ ಮುದುಕರಿಗೆ ಇದ್ದೇ ಇರಬೇಕು.

ಇಷ್ಟಾದರೂ ಒಂದು ವಿಷಯದಲ್ಲಿ ಸಹಗುನ್ ಆ ಕಾಲದವರನ್ನು ಮೀರಿದರು. ಜತೆಗೆ ದುಡಿದವರ ಹೆಸರನ್ನು ಬರೆದಿಟ್ಟರು. ಆಜ್ಕಪೊತ್ಸಾಲ್ಕೊದ ಅಂತೋನಿಯೊ ವಲೇರಿಯಾನೊ, ಇವನೇ ಎಲ್ಲರಿಗಿಂತ ಮಿಗಿಲಾದ ಪಂಡಿತ ಎಂಬ ಮಾತೂ ಜೊತೆಗಿದೆ. ಕ್ವಾವ್ತಿತ್ಲಾನ್‌ನ ಅಲೊನ್ಸೊ ವೆಗೆರಾನೊ ಮತ್ತು ಪೆದ್ರೊ ದೆ ಸಾನ್ ಬ್ಯೂನವೆಂತೂರ, ತ್ಲಾತೆಲೋಲ್ಕೊದ ಮಾರ್ತಿನ್ ಹಾಕೊಬಿತ. ಶುದ್ಧಪ್ರತಿ ಬರೆದ ಮೂವರು ಲಿಪಿಕಾರರ ಹೆಸರೂ ಇದೆ. ಗಿಡಮೂಲಿಕೆಗಳ ಭಾಗವನ್ನು ಪರೀಕ್ಷಿಸಿದ ಎಂಟು ಮಂದಿ ನಾಟಿವೈದ್ಯರ ಹೆಸರುಗಳೂ ಇವೆ. ನಾವಾತ್ಲ್‌ನಲ್ಲಿ ಬಂದ ಬೋಧನೆ, ಪ್ರಸಂಗಗಳಲ್ಲಿ ತಪ್ಪಿಲ್ಲದವು ಯಾವುವೋ ಅವೆಲ್ಲ ಈ ಶಾಲೆಯ ಹುಡುಗರ ಜೊತೆ ಕೂತು ಬರೆದವು ಎಂದು ಸಹಗುನ್ ಸ್ಪಷ್ಟವಾಗಿ ಹೇಳಿದರು. ಶಿಷ್ಯನ ಕೆಲಸವನ್ನು ಸದ್ದಿಲ್ಲದೆ ತನ್ನ ಹೆಸರಿಗೆ ಹಾಕಿಕೊಳ್ಳುವ ಗುರುಗಳು ಯಾವ ಕಾಲದಲ್ಲೂ ಅಪರೂಪವಲ್ಲ. ಅಂಥವರ ನಡುವೆ ಈ ಪಟ್ಟಿ ಎದ್ದು ಕಾಣುತ್ತದೆ.

1569ಕ್ಕೆ ನಾವಾತ್ಲ್ ಶುದ್ಧಪ್ರತಿ ಸಿದ್ಧವಾಯಿತು. ಮರುವರ್ಷವೇ ವಿಘ್ನ. ಬಡತನದ ವ್ರತ ಹಿಡಿದ ಪಂಥದಲ್ಲಿ ಲಿಪಿಕಾರರಿಗೆ ಹಣ ಖರ್ಚು ಮಾಡುವುದು ತರವಲ್ಲ ಎಂದು ಕೆಲವರು ತಗಾದೆ ತೆಗೆದರು. ಲಿಪಿಕಾರರನ್ನು ಬಿಡಿಸಿ, ಬೇಕಾದ್ದನ್ನು ಸಹಗುನ್ ತಮ್ಮ ಕೈಯಿಂದಲೇ ಬರೆದುಕೊಳ್ಳಲಿ ಎಂದು ಅಪ್ಪಣೆಯಾಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕೈ ನಡುಗುತ್ತಿತ್ತು, ಒಂದು ಸಾಲನ್ನೂ ನೆಟ್ಟಗೆ ಬರೆಯಲಾಗುತ್ತಿರಲಿಲ್ಲ. ಅಪ್ಪಣೆ ಕೊಟ್ಟವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಆಮೇಲೆ ಪ್ರಾಂತದ ಮುಖ್ಯಸ್ಥರು ಪುಸ್ತಕಗಳನ್ನೇ ತರಿಸಿಕೊಂಡು ಬೇರೆ ಬೇರೆ ಮಠಗಳಿಗೆ ಹಂಚಿಬಿಟ್ಟರು. ಹನ್ನೆರಡು ಪುಸ್ತಕ, ಹತ್ತು ದಿಕ್ಕು. ವರ್ಷಗಟ್ಟಲೆ ಕೆಲಸ ನಿಂತಿತು.

1575ರಲ್ಲಿ ರೊದ್ರಿಗೊ ದೆ ಸೆಕೇರ ಎಂಬ ಹೊಸ ಹಿರಿಯರು ಸ್ಪೇನಿನಿಂದ ಬಂದದ್ದು ಸಹಗುನ್ ಅವರ ಭಾಗ್ಯ. ಪುಸ್ತಕ ಅವರಿಗೆ ಮೆಚ್ಚಿಗೆಯಾಗಿ, ಸ್ಪ್ಯಾನಿಷ್ ಅನುವಾದವನ್ನೂ ಸೇರಿಸಿ ಹೊಸ ಪ್ರತಿ ಮಾಡಿ ಎಂದರು. ಲಿಪಿಕಾರರು ಮರಳಿ ಬಂದರು, ಚಿತ್ರಕಾರರೂ ಸೇರಿಕೊಂಡರು. ಪ್ರತಿ ಪುಟದಲ್ಲೂ ಎರಡು ಅಂಕಣ. ಬಲಕ್ಕೆ ನಾವಾತ್ಲ್, ಎಡಕ್ಕೆ ಸ್ಪ್ಯಾನಿಷ್. ಸ್ಪ್ಯಾನಿಷ್ ಹಲವೆಡೆ ಬರೀ ಸಾರಾಂಶವಾದ್ದರಿಂದ ಎಡಗಡೆ ಜಾಗ ಉಳಿಯುತ್ತಿತ್ತು. ಆ ಜಾಗವನ್ನು ಚಿತ್ರಕಾರರು ತುಂಬಿದರು. ಹೀಗೆ ಎರಡು ಸಾವಿರದ ನಾನೂರಕ್ಕೂ ಹೆಚ್ಚು ಚಿತ್ರಗಳು. ಗರಿಕೆಲಸದವರು, ಅಕ್ಕಸಾಲಿಗರು, ಹಾವು, ಜೋಳದ ತೆನೆ, ಮಕ್ಕಳಿಗೆ ಬುದ್ಧಿ ಹೇಳುತ್ತಿರುವ ತಾಯಿ. ಪಾದ್ರಿಯ ಭಾಷೆ ಮೌನವಾದ ಕಡೆಯೆಲ್ಲ ಆ ನೆಲದ ಕೈ ಮಾತಾಡಿದೆ.

ಕೆಲಸ ನಡುವಿಗೆ ಬಂದಾಗ, 1576ರ ಆಗಸ್ಟಿನಲ್ಲಿ, ಮಹಾಮಾರಿ ಮತ್ತೆ ಎದ್ದಿತು. ಹನ್ನೊಂದನೆಯ ಪುಸ್ತಕ ಪ್ರಾಣಿ, ಸಸ್ಯ, ಕಲ್ಲು, ಮಣ್ಣುಗಳದ್ದು. ಅದರ ಸ್ಪ್ಯಾನಿಷ್ ಅಂಕಣದಲ್ಲಿ ಇದ್ದಕ್ಕಿದ್ದಂತೆ ಅನುವಾದ ನಿಂತುಹೋಗಿ ಮುದುಕನ ದನಿ ಕೇಳುತ್ತದೆ. ಆಗಸ್ಟಿನಿಂದ ಈ ನವೆಂಬರಿನವರೆಗೆ ಎಷ್ಟೋ ಜನ ಸತ್ತರು, ದಿನದಿನಕ್ಕೂ ಸಾಯುವವರು ಹೆಚ್ಚುತ್ತಿದ್ದಾರೆ, ಇದು ಎಲ್ಲಿಗೆ ಮುಟ್ಟುತ್ತದೋ ತಿಳಿಯದು ಎಂಬ ಅರ್ಥದ ಮಾತುಗಳು. ಅದುವರೆಗೆ ಹಸುರು, ಹಳದಿ, ಕೆಂಪಿನಲ್ಲಿ ಮಿನುಗುತ್ತಿದ್ದ ಚಿತ್ರಗಳು ಕೊನೆಯ ಭಾಗಗಳಲ್ಲಿ ಬರೀ ಕಪ್ಪು ಗೆರೆಗಳಾಗುತ್ತವೆ. ಬಣ್ಣ ತಂದುಕೊಡುವವರಿರಲಿಲ್ಲ, ಹಚ್ಚುವವರಲ್ಲೂ ಎಲ್ಲರೂ ಉಳಿದಿರಲಿಲ್ಲ ಎಂದು ವಿದ್ವಾಂಸರು ಊಹಿಸುತ್ತಾರೆ. ಹನ್ನೆರಡನೆಯದಾದ ಕೊನೆಯ ಪುಸ್ತಕ, ಸ್ಪೇನಿನವರು ಬಂದು ನಗರವನ್ನು ಗೆದ್ದ ಕಥೆಯನ್ನು ಸೋತವರ ಬಾಯಿಂದಲೇ ಹೇಳುತ್ತದೆ. ಅದಕ್ಕೆ ಬಣ್ಣವಿಲ್ಲ.

ಪುಸ್ತಕ ಮುಗಿಯುವ ಹೊತ್ತಿಗೇ ದೊರೆಯ ಕಾಗದವೂ ಬಂತು. 1577ರ ಏಪ್ರಿಲ್ 22ರಂದು ಎರಡನೆಯ ಫಿಲಿಪ್ ತನ್ನ ವೈಸರಾಯ್ ಮಾರ್ತಿನ್ ಎನ್ರೀಕೆಸ್‌ಗೆ ಕಳಿಸಿದ ಆಜ್ಞೆ ಅದು. ಸಹಗುನ್ ಬರೆಸಿದ್ದೆಲ್ಲವನ್ನೂ, ಒಂದು ಪ್ರತಿಯನ್ನೂ ಉಳಿಸದೆ, ಸ್ಪೇನಿಗೆ ಕಳಿಸಬೇಕು. ಈ ಜನರ ಹಳೆಯ ನಂಬಿಕೆ, ಹಳೆಯ ಬಾಳುವೆಯ ವಿಷಯವಾಗಿ ಯಾವ ಭಾಷೆಯಲ್ಲೂ ಯಾರೂ ಬರೆಯಕೂಡದು. ಬರೆದಿಟ್ಟರೆ ಮರೆಯುವುದಿಲ್ಲ ಎಂಬುದು ದೊರೆಗೆ ಗೊತ್ತಿತ್ತು. ಸಹಗುನ್ ಅವರಿಗೆ ಈ ಆಜ್ಞೆಯ ಇನ್ನೊಂದು ಮುಖ ತಿಳಿದಂತಿಲ್ಲ. 1578ರ ಮಾರ್ಚಿನಲ್ಲಿ ಅವರು ದೊರೆಗೆ ಪತ್ರ ಬರೆದರು. ಪುಸ್ತಕಗಳನ್ನು ಒಪ್ಪಿಸಿದ್ದೇನೆ, ಅಲ್ಲಿಗೆ ತಲುಪದಿದ್ದರೆ ದಯಮಾಡಿ ತಿಳಿಸಿ, ಮತ್ತೆ ಪ್ರತಿ ಮಾಡಿಸುತ್ತೇನೆ ಎಂದು! ಮಹಾರಾಜರು ಆಸೆಪಟ್ಟು ಕೇಳಿದ್ದಾರೆ ಎಂದೇ ಮುದುಕ ಮೇಷ್ಟರು ನಂಬಿದ್ದರು.

ಬಣ್ಣದ ಚಿತ್ರಗಳ ಆ ಪ್ರತಿಯನ್ನು 1580ರಲ್ಲಿ ಸೆಕೇರ ತಮ್ಮೊಂದಿಗೆ ಯೂರೋಪಿಗೆ ಒಯ್ದರು ಎಂದು ತಿಳಿಯಲಾಗಿದೆ. ಸಹಗುನ್ ಅದನ್ನು ಮತ್ತೆ ನೋಡಲಿಲ್ಲ. ಅವರ ಜೀವಮಾನದಲ್ಲಿ ಅಚ್ಚಾದದ್ದು ಒಂದೇ ಒಂದು ಪುಸ್ತಕ, ನಾವಾತ್ಲ್ ಭಾಷೆಯ ಕ್ರೈಸ್ತ ಹಾಡುಗಳ ಸಂಗ್ರಹ, 1583ರಲ್ಲಿ. 1585ರಲ್ಲಿ ಅವರು ಹನ್ನೆರಡನೆಯ ಪುಸ್ತಕವನ್ನು ಹೊಸದಾಗಿ ಬರೆದರು. ಮೊದಲ ಬರಹದಲ್ಲಿ ಸೇರಬಾರದ್ದು ಸೇರಿದೆ, ಬರಬೇಕಾದ್ದು ಬಿಟ್ಟುಹೋಗಿದೆ ಎಂಬುದು ಅವರು ಕೊಟ್ಟ ಕಾರಣ. ಹೊಸ ಬರಹ ಕಾರ್ಟೆಸ್ ಕಡೆಗೆ ಸ್ವಲ್ಪ ವಾಲಿದೆ. ಎಂಬತ್ತೈದು ದಾಟಿದವರ ಮೇಲೆ ಯಾವ ಒತ್ತಡವಿತ್ತೋ, ಅಥವಾ ಅದು ಅವರದೇ ಮನಸ್ಸೋ. ಓದುವವರಿಗೆ ಮೊದಲನೆಯದೇ ಹತ್ತಿರವಾಗುತ್ತದೆ. 1590ರಲ್ಲಿ ಮೆಕ್ಸಿಕೋ ನಗರದಲ್ಲಿ ಅವರು ತೀರಿಕೊಂಡರು. ಬಂದು ಅರವತ್ತೊಂದು ವರ್ಷವಾಗಿತ್ತು. ನಡುವೆ ಒಮ್ಮೆಯೂ ಸ್ಪೇನಿಗೆ ಹಿಂದಿರುಗಿದವರಲ್ಲ.

ಪುಸ್ತಕ ಇಟಲಿಯ ಫ್ಲಾರೆನ್ಸಿನ ಮೆದಿಚಿ ಮನೆತನದ ಕೈ ಸೇರಿ, ಅಲ್ಲಿಯ ಲಾರೆಂಶಿಯನ್ ಗ್ರಂಥಾಲಯದಲ್ಲಿ ಮೂರು ಸಂಪುಟಗಳಾಗಿ ಉಳಿಯಿತು. ಅದಕ್ಕೆ ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಹೆಸರು ಬಂದದ್ದು ಹೀಗೆ, ಬರೆದ ಊರಿಗೂ ಆ ಹೆಸರಿಗೂ ಸಂಬಂಧವಿಲ್ಲ. ಎರಡು ಶತಮಾನ ಅದು ಕತ್ತಲಲ್ಲೇ ಇತ್ತು. ನಾವಾತ್ಲ್ ಪಾಠವನ್ನು ಇಂಗ್ಲಿಷಿಗೆ ತರಲು ಅಮೆರಿಕದ ಇಬ್ಬರು ವಿದ್ವಾಂಸರಾದ ಆಂಡರ್ಸನ್ ಮತ್ತು ಡಿಬಲ್ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದರು. ಅದರ ಪ್ರಕಟಣೆ 1950ರಲ್ಲಿ ಶುರುವಾಗಿ 1982ಕ್ಕೆ ಮುಗಿಯಿತು. 2012ರಲ್ಲಿ ಪುಟಗಳ ಛಾಯಾಪ್ರತಿ ಇಂಟರ್ನೆಟ್ಟಿಗೆ ಬಂತು. 2023ರಿಂದ ಎರಡೂ ಭಾಷೆಗಳ ಪಾಠವನ್ನು ಪುಟದ ಪಕ್ಕದಲ್ಲೇ ಇಟ್ಟು ಓದಬಹುದಾಗಿದೆ. ಮೆಕ್ಸಿಕೋದ 2020ರ ಜನಗಣತಿಯಲ್ಲಿ ನಾವಾತ್ಲ್ ಆಡುವವರು ಹದಿನಾರು ಲಕ್ಷಕ್ಕೂ ಹೆಚ್ಚು. ಆ ಮನೆಗಳ ಮಗುವೊಂದು ತನ್ನ ಭಾಷೆಯ ಟೊಮ್ಯಾಟೊ ವ್ಯಾಪಾರಿಯನ್ನು ಈಗ ಮನೆಯಲ್ಲೇ ಕುಳಿತು ನೋಡಬಹುದು. ದೊರೆಯ ಆಜ್ಞೆಯನ್ನು ಯಾರೂ ರದ್ದು ಮಾಡಲಿಲ್ಲ, ಅದು ತಾನಾಗಿ ಸವೆಯಿತು.

ಶಿಷ್ಯ ವಲೇರಿಯಾನೊ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೆಕ್ಸಿಕೋ ನಗರದ ಮೂಲನಿವಾಸಿಗಳ ಆಡಳಿತಗಾರರಾಗಿದ್ದರು. ಹೊಸದಾಗಿ ಬಂದ ಪಾದ್ರಿಗಳಿಗೆ ನಾವಾತ್ಲ್ ಕಲಿಸಿದರು. ಇತಿಹಾಸ ಬರೆದು ಹೆಸರಾದ ಹುವಾನ್ ದೆ ತೊರ್ಕೆಮಾದ ಅವರ ವಿದ್ಯಾರ್ಥಿ. ಅವರು ತೀರಿಕೊಂಡದ್ದು 1605ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಹುವಾನ್ ಬೌತಿಸ್ತಾ ಎಂಬ ಸಂನ್ಯಾಸಿ ಯಾವುದೋ ಬರಹವನ್ನು ಅನುವಾದ ಮಾಡಿಕೊಡಿ ಎಂದು ಕೇಳಿದ್ದರು. ವಲೇರಿಯಾನೊ ಲ್ಯಾಟಿನ್ ಭಾಷೆಯಲ್ಲಿ, ವಿಭಕ್ತಿ ಒಂದೂ ತಪ್ಪದಂತೆ, ಉತ್ತರ ಬರೆದರು. ಬೌತಿಸ್ತಾ ಅದನ್ನು ಜೋಪಾನ ಮಾಡಿ 1606ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರಿಂದ ಅದು ಉಳಿದಿದೆ. ಕೈ ನಡುಗುತ್ತಿದೆ, ಕಣ್ಣು ಮಂಜಾಗಿದೆ, ಕಿವಿ ಮುಚ್ಚಿಹೋಗಿದೆ, ಅಕ್ಷರ ಗೀಚಿದಂತಿದ್ದರೆ ಕ್ಷಮಿಸಬೇಕು ಎಂದು ಅವರು ಕೇಳಿಕೊಂಡಿದ್ದಾರೆ. ಓಲೆ ತಂದವನ ಕೈಯಲ್ಲಿ, ಕೇಳಿದ್ದ ಅನುವಾದವೂ ಇತ್ತು.